ಮಕ್ಕಳ ಹಳೆಯ ಕಾದಂಬರಿಗಳಲ್ಲಿ ಸಾವು, ಅಗಲಿಕೆ, ಚೇತರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕೆಲವು ಕನ್ನಡ ಮನೆಗಳ ಮಕ್ಕಳು ಭಾನುವಾರ ಬೆಳಗ್ಗೆ ಒಟ್ಟಿಗೆ ಕೂತು ಕಾದಂಬರಿ ಓದುತ್ತಾರೆ. ಓದಿಸುವ ಕೆಲಸ ನನ್ನದು. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರು ಬಾಗಿಲಲ್ಲೇ ನಿಂತು ಕೇಳಿದ್ದು, ಪುಣೆಯಿಂದ, ವಾಸ್ಕೋದಿಂದ ವಾಟ್ಸಾಪ್‌ನಲ್ಲಿ ಬಂದಿದ್ದು, ಒಬ್ಬಿಬ್ಬರು ಹಿರಿಯರು ಕಾಗದದಲ್ಲಿ ಬರೆದು ಕಳಿಸಿದ್ದು, ಎಲ್ಲವನ್ನೂ ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರ ಹೇಳುವಾಗ ಕಥೆಗಳ ಕೊನೆಯನ್ನೂ ಹೇಳಬೇಕಾಗಿದೆ. ಮೊದಲು ಪುಸ್ತಕವನ್ನೇ ಓದಬೇಕು ಅನ್ನುವವರು ಆಯಾ ಉತ್ತರವನ್ನು ಸದ್ಯಕ್ಕೆ ಬಿಟ್ಟು ಮುಂದೆ ಹೋಗಿ.

## ಶುರುವಿನ ಪ್ರಶ್ನೆಗಳು

ಮಕ್ಕಳ ಪುಸ್ತಕದಲ್ಲಿ ಇಷ್ಟೊಂದು ಸಾವು ಯಾಕೆ? ಮಕ್ಕಳು ನಗ್ತಾ ಇರಲಿ ಅಲ್ವಾ?

ನಗಲಿ. ಈ ಪುಸ್ತಕಗಳಲ್ಲಿ ನಗುವೂ ಧಾರಾಳವಾಗಿದೆ. ಆದರೆ ಬರೆದವರು ಸಾವನ್ನು ಮನೆಯೊಳಗೇ ಕಂಡವರು. ‘ಲಿಟಲ್ ವಿಮೆನ್’ ಬರೆದ ಲೂಯಿಸಾ ಮೇ ಆಲ್ಕಾಟ್ ಅವರ ತಂಗಿ ಎಲಿಜಬೆತ್ 1858ರಲ್ಲಿ, 22ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾದಂಬರಿಯ ಬೆತ್ ಹುಟ್ಟಿದ್ದು ಆ ತಂಗಿಯಿಂದಲೇ. ‘ದಿ ಸೀಕ್ರೆಟ್ ಗಾರ್ಡನ್’ ಬರೆದ ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ 1890ರಲ್ಲಿ ಹದಿನಾರು ವರ್ಷದ ಮಗನನ್ನು ಕ್ಷಯಕ್ಕೆ ಕಳೆದುಕೊಂಡರು. ‘ಆನ್ ಆಫ್ ಗ್ರೀನ್ ಗೇಬಲ್ಸ್’ ಬರೆದ ಎಲ್. ಎಂ. ಮಾಂಟ್‌ಗೊಮರಿಗೆ ಎರಡು ವರ್ಷ ತುಂಬುವ ಮೊದಲೇ ತಾಯಿ ಇಲ್ಲವಾದರು.

ನಮಗೂ ಇದು ಹೊಸದಲ್ಲ. ಮಕ್ಕಳಿಗೆ ಮಾತು ಸರಿಯಾಗಿ ಬರುವ ಮೊದಲೇ ಗೋವಿನ ಹಾಡು ಹಾಡಿ ಮಲಗಿಸುತ್ತೇವೆ. ಪುಣ್ಯಕೋಟಿ ಹುಲಿಯ ಹತ್ತಿರ ಹೊರಟಾಗ ಕರು ಕೇಳುವುದು ತೀರಾ ಸಣ್ಣ ಪ್ರಶ್ನೆಗಳನ್ನು: ಯಾರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ? ತಾಯಿ ಸುಮ್ನೆ ‘ಧೈರ್ಯವಾಗಿರು’ ಎಂದು ಹೇಳಿ ಹೋಗುವುದಿಲ್ಲ. ದೊಡ್ಡಿಯ ಉಳಿದ ಹಸುಗಳ ಹತ್ತಿರ ಹೋಗಿ, ಈ ಕಂದ ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಒಪ್ಪಿಸುತ್ತದೆ. ನಾನು ಮುಂದೆ ಹೇಳುವ ಕಾದಂಬರಿಗಳಲ್ಲೂ ಮಕ್ಕಳು ಎದ್ದು ನಿಲ್ಲುವುದು ಹೆಚ್ಚುಕಡಿಮೆ ಹೀಗೆಯೇ. ಯಾರಾದರೂ ಪಕ್ಕದಲ್ಲಿ ಉಳಿಯುತ್ತಾರೆ, ಇಲ್ಲವೇ ಕೈಗೆ ಏನಾದರೂ ಕೆಲಸ ಸಿಗುತ್ತದೆ. ಬುದ್ಧಿಮಾತು ಕೇಳಿ ದುಃಖದಿಂದ ಎದ್ದ ಮಗುವನ್ನು ಒಳ್ಳೆಯ ಕಾದಂಬರಿಯಲ್ಲಿ ನಾನು ಇನ್ನೂ ಕಂಡಿಲ್ಲ.

ನಾಯಕ ನಾಯಕಿಯರೆಲ್ಲ ತಬ್ಬಲಿಗಳೇ ಯಾಕೆ? ಅಪ್ಪ ಅಮ್ಮ ಇರೋ ಮಕ್ಕಳಿಗೆ ಕಥೆ ಇರಲ್ವಾ?

ಎರಡು ಕಾರಣ. ಆಗ ಕಾಲರಾ, ಕ್ಷಯ, ಬಾಣಂತಿ ಸಾವು ಎಲ್ಲ ಕಡೆ ಇದ್ದವು. ತಬ್ಬಲಿ ಮಗು ಪ್ರತಿ ಊರಿನಲ್ಲೂ ಇರುತ್ತಿತ್ತು. ಇನ್ನೊಂದು, ಮನೆಯಲ್ಲಿ ದೊಡ್ಡವರಿದ್ದರೆ ತೀರ್ಮಾನವೆಲ್ಲ ಅವರದೇ. ಅವರನ್ನು ದೂರ ಸರಿಸಿದರೆ ಮಾತ್ರ ಹತ್ತು ವರ್ಷದ ಹುಡುಗಿ ಬಾಗಿಲು ತೆರೆಯಬೇಕೋ ಬೇಡವೋ ಎಂದು ತಾನೇ ಯೋಚಿಸುತ್ತಾಳೆ. ಅಪ್ಪ ಅಮ್ಮ ಇಬ್ಬರೂ ಇದ್ದು ನಷ್ಟ ಅನುಭವಿಸುವ ಮಕ್ಕಳ ಕಥೆಗಳೂ ಇವೆ. ‘ಬ್ರಿಡ್ಜ್ ಟು ಟೆರಬಿಥಿಯಾ’ ಅಂಥದ್ದು.

ನನ್ನ ಮಗಳಿಗೆ ಎಂಟು ವರ್ಷ, ಮಗನಿಗೆ ಹದಿಮೂರು. ಯಾರಿಗೆ ಯಾವುದು ಕೊಡಲಿ?

ಮಗಳಿಗೆ ‘ಷಾರ್ಲೆಟ್ಸ್ ವೆಬ್’ ಕೊಡಿ, ಆದರೆ ಜೊತೆಯಲ್ಲಿ ಕೂತು ಓದಿ. ಮುಂದಿನ ವರ್ಷ ‘ಹೈಡಿ’. ಒಂಬತ್ತು, ಹತ್ತಕ್ಕೆ ‘ದಿ ಸೀಕ್ರೆಟ್ ಗಾರ್ಡನ್’, ‘ಅ ಲಿಟಲ್ ಪ್ರಿನ್ಸೆಸ್’. ಹನ್ನೊಂದರ ಹೊತ್ತಿಗೆ ‘ಆನ್’, ‘ಲಿಟಲ್ ವಿಮೆನ್’. ಮಗನಿಗೆ ‘ಬ್ರಿಡ್ಜ್ ಟು ಟೆರಬಿಥಿಯಾ’ ಅಥವಾ ‘ಐಲ್ಯಾಂಡ್ ಆಫ್ ದಿ ಬ್ಲೂ ಡಾಲ್ಫಿನ್ಸ್’.

ವಯಸ್ಸಿಗಿಂತ ನಾನು ಜಾಸ್ತಿ ನೋಡುವುದು ಮನೆಯಲ್ಲಿ ಈಗ ಏನಾಗುತ್ತಿದೆ ಎಂಬುದನ್ನು. ಯಾರಾದರೂ ಆಸ್ಪತ್ರೆಯಲ್ಲಿದ್ದಾಗ ಅದೇ ಕಾಯಿಲೆಯ ಕಥೆ ಬೇಡ. ಸ್ವಲ್ಪ ದಿನ ಹೋಗಲಿ.

ಮಗನಿಗೆ ಕನ್ನಡ ಮಾತು ಬರುತ್ತೆ, ಓದೋಕೆ ಬರಲ್ಲ. ಇಂಗ್ಲಿಷಲ್ಲೇ ಓದಿದರೆ ನಡೆಯುತ್ತಾ?

ನಡೆಯುತ್ತದೆ. ಮುಂಬೈ ಮಕ್ಕಳಿಗೆ ಮನೆಯಲ್ಲಿ ಕನ್ನಡ ಅಥವಾ ತುಳು, ಕೆಳಗೆ ಆಡುವಾಗ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ. ಓದುವುದು ಯಾವ ಭಾಷೆಯಲ್ಲಾದರೂ ಆಗಲಿ, ಆಮೇಲಿನ ಮಾತು ಮನೆಯ ಭಾಷೆಯಲ್ಲಿರಲಿ. ಇಂಗ್ಲಿಷ್‌ನಲ್ಲಿ ಕೇಳಿದರೆ ಶಾಲೆಯ ಉತ್ತರ ಹೇಳುವ ಮಕ್ಕಳು ಕನ್ನಡದಲ್ಲಿ ಕೇಳಿದಾಗ ತಮ್ಮ ಅಜ್ಜನ ಸುದ್ದಿ ತೆಗೆಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಕನ್ನಡದಲ್ಲೇ ಓದಿ ಹೇಳಬೇಕೆಂದರೆ ವಿ. ಗಾಯತ್ರಿ ಅನುವಾದಿಸಿದ ‘ತೊತ್ತೋಚಾನ್’ ಹಿಡಿಯಿರಿ. ಅದು ಕಾದಂಬರಿಯಲ್ಲ, ಜಪಾನಿನ ಲೇಖಕಿ ತೆತ್ಸುಕೊ ಕುರೋಯಾನಗಿಯವರ ಬಾಲ್ಯದ ನೆನಪುಗಳು. ಆದರೂ ಮಕ್ಕಳು ಓದುವುದು ಕಥೆಯಂತೆಯೇ.

ಪುಸ್ತಕ ಎಲ್ಲಿ ಸಿಗುತ್ತೆ? ಎಲ್ಲಾ ಕೊಂಡುಕೊಳ್ಳಬೇಕಾ?

ಬೇಡ. ‘ಲಿಟಲ್ ವಿಮೆನ್’, ‘ಹೈಡಿ’, ಬರ್ನೆಟ್ ಅವರ ‘ದಿ ಸೀಕ್ರೆಟ್ ಗಾರ್ಡನ್’ ಮತ್ತು ‘ಅ ಲಿಟಲ್ ಪ್ರಿನ್ಸೆಸ್’, ‘ಆನ್’, ‘ದಿ ರೈಲ್ವೇ ಚಿಲ್ಡ್ರನ್’ ಇವೆಲ್ಲ ಅಂತರ್ಜಾಲದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಕೈಯಲ್ಲಿ ಹಿಡಿಯಲು ಬೇಕೆಂದರೆ ಮುಂಬೈಯವರು ಮಾಟುಂಗಾದ ಕಿಂಗ್ಸ್ ಸರ್ಕಲ್ ಮತ್ತು ಫ್ಲೋರಾ ಫೌಂಟನ್‌ನ ಹಳೆ ಪುಸ್ತಕದವರ ಹತ್ತಿರ ಹುಡುಕಿ. ಪುಣೆಯವರಿಗೆ ಅಪ್ಪಾ ಬಳವಂತ ಚೌಕ ಇದೆ. ಗೋವಾದವರು ಪಣಜಿಯ ಪಾಟ್ಟೊದಲ್ಲಿರುವ ಕೃಷ್ಣದಾಸ ಶಾಮಾ ರಾಜ್ಯ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಸಂಕ್ಷಿಪ್ತ ಆವೃತ್ತಿ ಇದೆ, ಚಿತ್ರಾನೂ ಇದೆ. ಅದು ಸಾಕಲ್ವಾ?

ಕಥೆ ಗೊತ್ತಾಗಲು ಸಾಕು. ಆದರೆ ಚಿಕ್ಕದು ಮಾಡುವವರು ಮೊದಲು ಕತ್ತರಿಸುವುದು ‘ಏನೂ ನಡೆಯದ’ ಪುಟಗಳನ್ನು. ಸಾವಿನ ಸುದ್ದಿ ಉಳಿಯುತ್ತದೆ, ಅದರ ನಂತರದ ದಿನಗಳು ಹೋಗುತ್ತವೆ. ನಮಗೆ ಬೇಕಾದದ್ದು ಆ ದಿನಗಳೇ. ಬೆತ್ ಹೋದ ಮೇಲೆ ಅಕ್ಕ ಜೋ ಮನೆಗೆಲಸ ಮಾಡುತ್ತಾಳೆ. ಮೊದಲು ಅವಳಿಗೆ ಕಸ ಗುಡಿಸುವುದು, ಪಾತ್ರೆ ಒರೆಸುವುದು ಎಂದರೆ ಆಗುತ್ತಿರಲಿಲ್ಲ. ಈಗ ಅದೇ ಪೊರಕೆ, ಅದೇ ಬಟ್ಟೆ ಹಿಡಿದಾಗ ತಂಗಿಯ ಹಾಡು ತಾನಾಗಿ ಬಾಯಿಗೆ ಬರುತ್ತದೆ. ಎಷ್ಟೋ ಸಂಕ್ಷಿಪ್ತ ಪ್ರತಿಗಳಲ್ಲಿ ಈ ಭಾಗ ಒಂದು ಸಾಲಿಗೆ ಇಳಿದಿರುತ್ತದೆ.

## ಓದುತ್ತಾ ಕೂತಾಗ ಬರುವ ಪ್ರಶ್ನೆಗಳು

ಓದ್ತಾ ಓದ್ತಾ ಮಗಳು ಬಿಕ್ಕಿಬಿಕ್ಕಿ ಅತ್ತಳು. ಪುಸ್ತಕ ಮುಚ್ಚಿಸಲಾ?

ತಕ್ಷಣ ಮುಚ್ಚಬೇಡಿ, ಮುಂದೆ ಓದು ಎಂದು ದೂಡಲೂಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ. ‘ಅದು ಬರೀ ಕಥೆ ಪುಟ್ಟಾ’ ಅನ್ನಬೇಡಿ, ಅದು ಬರೀ ಕಥೆಯಲ್ಲ ಎಂದು ಗೊತ್ತಾಗಿಯೇ ಅವಳು ಅಳುತ್ತಿದ್ದಾಳೆ. ಹೆಚ್ಚಿನ ಮಕ್ಕಳು ನೀರು ಕುಡಿದು ಬಂದು ಮತ್ತೆ ಪುಸ್ತಕ ಎತ್ತಿಕೊಳ್ಳುತ್ತಾರೆ, ಏಕೆಂದರೆ ಮುಂದೇನಾಯಿತು ಎಂದು ತಿಳಿಯಬೇಕು. ಎತ್ತಿಕೊಳ್ಳದಿದ್ದರೂ ಪರವಾಗಿಲ್ಲ. ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಎರಡು ವರ್ಷ ಬಿಟ್ಟು ತಾವಾಗಿಯೇ ಕೇಳಿ ಪಡೆದ ಮಕ್ಕಳಿದ್ದಾರೆ.

ಷಾರ್ಲೆಟ್ ಸಾಯುವಾಗ ಹತ್ತಿರ ಯಾರೂ ಇರಲಿಲ್ಲ ಅಂತ ಬರೆದಿದ್ದಾರೆ. ಮಕ್ಕಳಿಗೆ ಅಷ್ಟು ಕಟುವಾಗಿ ಹೇಳಬೇಕಿತ್ತಾ?

ನನಗೆ ಇಡೀ ಪುಸ್ತಕದಲ್ಲಿ ಅತ್ಯಂತ ಪ್ರಾಮಾಣಿಕ ಅನ್ನಿಸುವ ಜಾಗ ಅದು. ‘ಷಾರ್ಲೆಟ್ಸ್ ವೆಬ್’ 1952ರಲ್ಲಿ ಬಂದ ಪುಸ್ತಕ, ಷಾರ್ಲೆಟ್ ಅದರಲ್ಲಿ ಬರುವ ಜೇಡ. ಇ. ಬಿ. ವೈಟ್ ಮೇನ್ ರಾಜ್ಯದಲ್ಲಿ ಹೊಲ, ದನ, ಹಂದಿ ಇಟ್ಟುಕೊಂಡಿದ್ದವರು. ತಾನು ಸಾಕಿದ ಹಂದಿ ಕಾಯಿಲೆ ಬಿದ್ದು ಸತ್ತದ್ದರ ಬಗ್ಗೆ 1948ರಲ್ಲೇ ಒಂದು ಪ್ರಬಂಧ ಬರೆದಿದ್ದರು. ಪ್ರಾಣಿಗಳ ಸಾವನ್ನು ಅವರು ಸಿಹಿ ಮಾಡಿ ಹೇಳುವವರಲ್ಲ.

ಜಾತ್ರೆ ಮುಗಿದಿದೆ. ಜನ ಹೋಗಿದ್ದಾರೆ. ಮೈದಾನದ ತುಂಬ ಬಾಟಲಿ, ಕಸ. ಇಡೀ ಜಾತ್ರೆಯಲ್ಲಿ ದೊಡ್ಡ ಕೆಲಸ ಮಾಡಿದ್ದು ಒಂದು ಬೂದು ಜೇಡ ಎಂದು ಯಾರಿಗೂ ಗೊತ್ತಿಲ್ಲ. ಅದು ಅಲ್ಲೇ ಸಾಯುತ್ತದೆ. ನಮ್ಮ ಗುಂಪಿನಲ್ಲಿ ಈ ಪುಟ ಜೋರಾಗಿ ಓದಿದಾಗ ಒಬ್ಬ ಹುಡುಗ, ಅವನ ಅಪ್ಪ ಕೇಟರಿಂಗ್ ಕೆಲಸದವರು, ‘ಮದುವೆ ಹಾಲ್ ರಾತ್ರಿ ಹೀಗೇ ಇರುತ್ತೆ ಆಂಟಿ, ಎಲ್ಲರೂ ಹೋದ ಮೇಲೆ’ ಎಂದ. ಆಮೇಲೆ ಯಾರೂ ಮಾತಾಡಲಿಲ್ಲ, ನಾನೂ ಆಡಲಿಲ್ಲ.

ಆದರೆ ಅಲ್ಲಿಗೆ ನಿಲ್ಲಿಸಿ ಮಲಗಿಸಬೇಡಿ. ಅದರ ಮುಂದಿನ, ಅಂದರೆ ಕೊನೆಯ ಅಧ್ಯಾಯವನ್ನೂ ಅದೇ ದಿನ ಓದಿ. ವಿಲ್ಬರ್ ಎಂಬ ಹಂದಿಮರಿ ಷಾರ್ಲೆಟ್‌ನ ಮೊಟ್ಟೆಚೀಲವನ್ನು ಬಾಯಲ್ಲಿಟ್ಟುಕೊಂಡು ಮನೆಗೆ ತರುತ್ತಾನೆ. ಚಳಿಗಾಲವೆಲ್ಲ ಅದರ ಹತ್ತಿರ ಮಲಗಿ ಉಸಿರಿನಿಂದ ಬೆಚ್ಚಗಿಡುತ್ತಾನೆ. 514 ಮರಿಗಳು. ವಸಂತದಲ್ಲಿ ಅವೂ ಗಾಳಿಗೆ ತೇಲಿ ಹೊರಟುಹೋಗುತ್ತವೆ, ಅವನಿಗೆ ಮತ್ತೆ ಎದೆ ಒಡೆಯುತ್ತದೆ. ಮೂರು ಮಾತ್ರ ಉಳಿಯುತ್ತವೆ. ಆ ಮೂರು ಷಾರ್ಲೆಟ್‌ನ ಜಾಗ ತುಂಬುವುದಿಲ್ಲ ಎಂದು ವೈಟ್ ಸ್ಪಷ್ಟವಾಗಿಯೇ ಹೇಳುತ್ತಾರೆ.

‘ಸೀಕ್ರೆಟ್ ಗಾರ್ಡನ್’ ಮೇರಿ ಅಪ್ಪ ಅಮ್ಮ ಸತ್ತರೂ ಅಳೋದಿಲ್ಲ. ಇಂಥ ಕಲ್ಲು ಮನಸ್ಸಿನ ಹುಡುಗಿ ನಾಯಕಿ ಹೇಗೆ?

ಕಲ್ಲು ಮನಸ್ಸಲ್ಲ. ಅವಳನ್ನು ಯಾರೂ ಪ್ರೀತಿಯಿಂದ ನೋಡಿಕೊಂಡಿರಲೇ ಇಲ್ಲ, ಹಾಗಾಗಿ ಯಾರಿಗಾಗಿ ಅಳಬೇಕೆಂದು ಗೊತ್ತಿಲ್ಲ. ಕಾಲರಾ ಬಂದ ಮನೆಯಲ್ಲಿ ಎಲ್ಲರೂ ಓಡಿಹೋಗಿದ್ದಾರೆ ಅಥವಾ ಸತ್ತಿದ್ದಾರೆ, ಒಳಗೊಂದು ಮಗು ಇದೆ ಎಂಬುದೇ ಯಾರಿಗೂ ನೆನಪಿಲ್ಲ. ಹಸಿದ ಹುಡುಗಿ ಊಟದ ಮನೆಯಲ್ಲಿ ಉಳಿದದ್ದು ತಿಂದು, ಲೋಟದಲ್ಲಿದ್ದ ದ್ರಾಕ್ಷಾರಸ ಕುಡಿದು ಮಲಗಿಬಿಡುತ್ತಾಳೆ. ಇಂಥ ಮಗುವಿಗೆ ಮೊದಲು ಬರುವುದು ಸಿಟ್ಟು. ಅಳು ಆಮೇಲೆ. ನಾವು ದೊಡ್ಡವರು ಸಿಟ್ಟು ಮಾಡುವ ಮಗುವಿನಲ್ಲಿ ದುಃಖ ಇದೆ ಎಂದು ಗುರುತಿಸುವುದು ಕಡಿಮೆ, ಅದಕ್ಕೇ ಮೇರಿಯನ್ನು ನಾನು ಪೋಷಕರಿಗೂ ಓದಿಸುತ್ತೇನೆ.

ಒಂದು ವಿವರ ಗಮನಿಸಿ. ಇಂಡಿಯಾದಲ್ಲಿದ್ದಾಗ ಮೇರಿ ತೋಟದ ಆಟ ಆಡುತ್ತಾಳೆ: ಮಣ್ಣಿನ ಗುಡ್ಡೆ ಮಾಡಿ ಅದಕ್ಕೆ ಕೆಂಪು ದಾಸವಾಳ ಚುಚ್ಚುತ್ತಾಳೆ. ಕಿತ್ತ ಹೂವು, ಬೇರಿಲ್ಲ, ಸಂಜೆಗೆ ಬಾಡುತ್ತದೆ. ಯಾರ್ಕ್‌ಷೈರಿಗೆ ಬಂದ ಮೇಲೆ, ಹತ್ತು ವರ್ಷ ಬೀಗ ಹಾಕಿದ್ದ ತೋಟದ ಒಳಗೆ, ಒಣ ಹುಲ್ಲಿನ ನಡುವೆ ಸಣ್ಣ ಹಸಿರು ಮೊನೆಗಳು ಕಾಣುತ್ತವೆ. ಅವಕ್ಕೆ ಉಸಿರಾಡಲು ಜಾಗ ಬೇಕು ಎಂದು ಅವಳಿಗೆ ತಾನಾಗಿ ಅನ್ನಿಸುತ್ತದೆ. ಚೂಪು ಕಟ್ಟಿಗೆ ತುಂಡೊಂದನ್ನು ಹಿಡಿದು ಸುತ್ತಲಿನ ಹುಲ್ಲು ಕೀಳುತ್ತಾಳೆ. ಮಧ್ಯಾಹ್ನದ ಊಟದ ಹೊತ್ತು ಬಂದದ್ದೂ ಗೊತ್ತಾಗುವುದಿಲ್ಲ. ಹಿಂದೆ ಯಾರನ್ನೂ ಗಮನಿಸದ ಹುಡುಗಿ ಮೊದಲ ಸಲ ಇನ್ನೊಂದು ಜೀವದ ಬಗ್ಗೆ ಯೋಚಿಸಿದ್ದು ಅಲ್ಲಿ. ಆಮೇಲೆ ಮಾವ ಏನು ಬೇಕು, ಬೊಂಬೆ ಬೇಕಾ ಎಂದು ಕೇಳಿದಾಗ ಅವಳು ಕೇಳುವುದು ಒಂದಿಷ್ಟು ಮಣ್ಣು.

ನನ್ನ ಹತ್ತಿರ ಇರೋ ‘ಲಿಟಲ್ ವಿಮೆನ್’ನಲ್ಲಿ ಬೆತ್ ಸಾಯೋದೇ ಇಲ್ಲ! ಯಾವುದು ಸರಿ?

ಎರಡೂ ಸರಿ. ಮೊದಲ ಭಾಗ 1868ರಲ್ಲಿ, ಎರಡನೆಯದು 1869ರಲ್ಲಿ ಬಂತು. ಮೊದಲ ಭಾಗದಲ್ಲಿ ಬೆತ್‌ಗೆ ಕಾಯಿಲೆ ಬಂದು ವಾಸಿಯಾಗುತ್ತದೆ, ಸಾವು ಬರುವುದು ಎರಡನೆಯದರಲ್ಲಿ. ಅದನ್ನು ‘ಗುಡ್ ವೈವ್ಸ್’ ಎಂಬ ಹೆಸರಿನಲ್ಲಿ ಬೇರೆಯಾಗಿ ಅಚ್ಚು ಹಾಕುವುದುಂಟು.

ನಾವು ದೊಡ್ಡವರು ಮಕ್ಕಳ ಮುಂದೆ ಅಳಬಹುದಾ? ನಮ್ಮ ಮನೇಲಿ ಅಪ್ಪ ಹೋದಾಗ ನಾನು ಬಾತ್‌ರೂಮಿನಲ್ಲಿ ಅತ್ತೆ.

ಅಳಬಹುದು. ಬಚ್ಚಿಟ್ಟ ದುಃಖ ಮಕ್ಕಳಿಗೆ ಏನು ಮಾಡುತ್ತದೆ ಎಂದು ತಿಳಿಯಲು ಮತ್ತೆ ಮೇರಿಯ ಮಾವನನ್ನು ನೋಡಿ. ಹೆಂಡತಿ ಸತ್ತಳೆಂದು ಅವಳ ತೋಟಕ್ಕೆ ಬೀಗ ಹಾಕಿ ಕೀಲಿಯನ್ನು ಮಣ್ಣಿನಲ್ಲಿ ಹೂಳುತ್ತಾನೆ. ಮಗನ ಮುಖದಲ್ಲಿ ಅವಳ ಕಣ್ಣು ಕಾಣುತ್ತದೆಂದು ಮಗ ಎಚ್ಚರ ಇರುವಾಗ ನೋಡಲೂ ಬರುವುದಿಲ್ಲ. ಆ ಹುಡುಗ ತಾನು ಬದುಕುವುದಿಲ್ಲ ಎಂದು ನಂಬಿ ಹಾಸಿಗೆ ಹಿಡಿಯುತ್ತಾನೆ.

ಇದಕ್ಕೆ ತದ್ವಿರುದ್ಧ ‘ಆನ್ ಆಫ್ ಗ್ರೀನ್ ಗೇಬಲ್ಸ್’ನ ಮರಿಲ್ಲಾ. ಹಣವಿಟ್ಟಿದ್ದ ಬ್ಯಾಂಕ್ ಮುಳುಗಿದ ಸುದ್ದಿ ಪತ್ರಿಕೆಯಲ್ಲಿ ಓದಿ ಅವಳ ಅಣ್ಣ ಮ್ಯಾಥ್ಯೂ ಬಾಗಿಲಲ್ಲೇ ಕುಸಿದು ಸಾಯುತ್ತಾನೆ. ಆನ್‌ಗೆ ಅವನೆಂದರೆ ಪ್ರಾಣ, ಆದರೆ ಆ ದಿನ ಒಂದು ಹನಿ ಕಣ್ಣೀರು ಬರುವುದಿಲ್ಲ. ತನ್ನ ಮನಸ್ಸಿಗೆ ಏನಾಗಿದೆ ಎಂದು ಅವಳಿಗೇ ಹೆದರಿಕೆ. ರಾತ್ರಿ ಎಚ್ಚರವಾದಾಗ ಅವನ ನಗುಮುಖ ನೆನಪಾಗಿ ಅಳು ಒಡೆಯುತ್ತದೆ. ಕೇಳಿಸಿಕೊಂಡು ಮರಿಲ್ಲಾ ಬರುತ್ತಾಳೆ. ಗಟ್ಟಿ ಹೆಂಗಸು, ಪ್ರೀತಿಯನ್ನು ಬಾಯಿಬಿಟ್ಟು ಹೇಳಿದವಳಲ್ಲ. ಆ ಕತ್ತಲಲ್ಲಿ ತಾನೂ ಅಳುತ್ತಾಳೆ, ನಿನ್ನನ್ನು ಹೆತ್ತ ಮಗಳಂತೆ ಪ್ರೀತಿಸುತ್ತೇನೆ ಎಂದು ಹೇಳುತ್ತಾಳೆ. ಅಳು ತಡವಾಗಿ ಬರುವ ಮಕ್ಕಳಿಗೆ ಈ ಅಧ್ಯಾಯ ಓದಿ ಹೇಳಿ.

ಅತ್ತೆ ತೀರಿಕೊಂಡಾಗ ಮತ್ಸ್ಯಗಂಧಾದಲ್ಲಿ ಎರಡೇ ಟಿಕೆಟ್ ಸಿಕ್ಕಿತು. ಮಗನಿಗೆ ಪರೀಕ್ಷೆ ಬೇರೆ. ಬಿಟ್ಟು ಹೋದೆವು. ಈಗ ಅವನು ಅಜ್ಜಿಯ ಮಾತೇ ಎತ್ತೋದಿಲ್ಲ. ಯಾವ ಪುಸ್ತಕ ಕೊಡಲಿ?

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಊರು ದೂರ, ಮಣ್ಣಿಗೆ ಹೋಗುವವರು ಹೋಗಿಬಿಡುತ್ತಾರೆ, ಹದಿಮೂರನೇ ದಿನಕ್ಕೂ ಶಾಲೆ ಅಡ್ಡ ಬರುತ್ತದೆ. ಮುಂದಿನ ರಜೆಯಲ್ಲಿ ಮಗು ಊರಿಗೆ ಹೋದಾಗ ಅಜ್ಜಿ ಕೂರುತ್ತಿದ್ದ ಜಾಗ ಖಾಲಿ, ಗೋಡೆಯಲ್ಲಿ ಹಾರ ಹಾಕಿದ ಫೋಟೊ.

ಎರಡು ಪುಸ್ತಕ ಹೇಳುತ್ತೇನೆ. ಒಂದು, ಸಾನೆ ಗುರೂಜಿಯವರ ‘ಶ್ಯಾಮಚಿ ಆಯಿ’. 1933ರಲ್ಲಿ ನಾಶಿಕದ ಜೈಲಿನಲ್ಲಿ ಬರೆದದ್ದು, 1935ರಲ್ಲಿ ಪ್ರಕಟವಾಯಿತು. ನಿಮ್ಮ ಮಗ ಶಾಲೆಯಲ್ಲಿ ಮರಾಠಿ ಕಲಿಯುತ್ತಿದ್ದರೆ ಅವನೇ ನಿಮಗೆ ಓದಿ ಹೇಳಲಿ. ಸ್ನಾನ ಮಾಡಿದ ಮೇಲೆ ಅಂಗಾಲಿಗೆ ಮಣ್ಣು ಹತ್ತಬಾರದೆಂದು ಹಟ ಹಿಡಿದ ಮಗನಿಗೆ ತಾಯಿ ಕಲ್ಲಿನ ಮೇಲೆ ಸೆರಗು ಹಾಸುತ್ತಾಳೆ. ಆ ತಾಯಿ ಸಾಯುವಾಗ ಶ್ಯಾಮ ದೂರದಲ್ಲಿ ಓದುತ್ತಿರುತ್ತಾನೆ, ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಇನ್ನೊಂದು ‘ಬ್ರಿಡ್ಜ್ ಟು ಟೆರಬಿಥಿಯಾ’, 1977ರದು. ಕ್ಯಾಥರೀನ್ ಪ್ಯಾಟರ್‌ಸನ್ ಅವರ ಪುಟ್ಟ ಮಗನ ಗೆಳತಿ ಸಿಡಿಲು ಬಡಿದು ಸತ್ತಳು. ಆ ಸಂಕಟದಿಂದ ಹುಟ್ಟಿದ ಪುಸ್ತಕ ಇದು. ಜೆಸ್ ತನ್ನ ಟೀಚರ್ ಜೊತೆ ವಾಷಿಂಗ್ಟನ್‌ಗೆ ಕಲಾ ಗ್ಯಾಲರಿ ನೋಡಲು ಹೋದ ದಿನವೇ ಗೆಳತಿ ಲೆಸ್ಲಿ ಹಳ್ಳ ದಾಟುವಾಗ ಹಗ್ಗ ತುಂಡಾಗಿ ಸಾಯುತ್ತಾಳೆ. ಅವಳನ್ನೂ ಕರೆಯೋಣವೇ ಎಂದು ಕೇಳಬಹುದಿತ್ತು, ಕೇಳಲಿಲ್ಲ. ‘ನಾನು ಅಲ್ಲಿರಲಿಲ್ಲ’ ಎಂಬ ಭಾರ ಅವನನ್ನು ಬಿಡುವುದಿಲ್ಲ. ಶಾಲೆಯಲ್ಲಿ ಎಲ್ಲರೂ ಹೆದರುವ ಟೀಚರ್ ಒಬ್ಬರು ಅವನನ್ನು ಪಕ್ಕಕ್ಕೆ ಕರೆದು, ನನ್ನ ಗಂಡ ಸತ್ತಾಗ ಜನ ಅಳಬೇಡ ಎಂದರು, ಮರೆಸಲು ನೋಡಿದರು, ನನಗೆ ಮರೆಯುವುದು ಬೇಕಿರಲಿಲ್ಲ ಎನ್ನುತ್ತಾರೆ. ನಿಮ್ಮ ಮಗನಿಗೆ ಬೇಕಿರುವುದು ಇಂಥ ಒಬ್ಬ ದೊಡ್ಡವರು. ಪುಸ್ತಕ ಓದಿದ ಮೇಲೆ ಅಂದು ಊರಿನಲ್ಲಿ ಏನೇನು ನಡೆಯಿತು ಎಂದು ಪೂರ್ತಿ ಹೇಳಿ: ಯಾರು ಬಂದಿದ್ದರು, ಅಜ್ಜಿಗೆ ಯಾವ ಸೀರೆ ಉಡಿಸಿದ್ದರು, ನೀವು ಎಲ್ಲಿ ನಿಂತಿದ್ದಿರಿ. ಅವನನ್ನು ಬಿಟ್ಟು ಹೋದದ್ದು ನಿಮಗೂ ಬೇಸರ ಎಂದು ಹೇಳಿ.

ಸಾವು ಇಲ್ಲದ ನಷ್ಟದ ಕಥೆ ಇದೆಯಾ? ನಮ್ಮ ಚಾಳು ರೀಡೆವಲಪ್‌ಮೆಂಟ್‌ಗೆ ಹೋಯ್ತು. ಮಗ ಸಪ್ಪಗಿದ್ದಾನೆ.

ಇದೆ, ಮತ್ತು ಅವನ ದುಃಖ ಸಣ್ಣದಲ್ಲ. ಸ್ನೇಹಿತರೆಲ್ಲ ಬಾಡಿಗೆ ಮನೆ ಹುಡುಕಿ ಒಬ್ಬರು ಕಲ್ಯಾಣ, ಒಬ್ಬರು ವಿರಾರ್ ಎಂದು ಚದುರಿಹೋದರೆ ಮಗುವಿನ ಅರ್ಧ ಜಗತ್ತೇ ಹೋದಂತೆ.

‘ಹೈಡಿ’ ಕೊಡಿ. ಆಲ್ಪ್ಸ್ ಬೆಟ್ಟದಿಂದ ಅವಳನ್ನು ಫ್ರಾಂಕ್‌ಫರ್ಟ್‌ನ ಶ್ರೀಮಂತರ ಮನೆಗೆ ಕಳಿಸುತ್ತಾರೆ. ಊಟ, ಬಟ್ಟೆ, ಗೆಳತಿ ಎಲ್ಲ ಇದೆ. ಅತ್ತರೆ ಉಪಕಾರ ಮರೆತವಳು ಅನ್ನುತ್ತಾರೆಂದು ಅಳುವುದಿಲ್ಲ. ಬೆಳಗಾದರೆ ಮುಂಬಾಗಿಲು ತೆರೆದಿರುತ್ತದೆ, ಮನೆಯವರು ದೆವ್ವ ಎಂದು ಹೆದರುತ್ತಾರೆ. ದೆವ್ವವಲ್ಲ, ನಿದ್ದೆಯಲ್ಲಿ ನಡೆಯುವ ಹೈಡಿ. ಪರೀಕ್ಷಿಸಿದ ಡಾಕ್ಟರ್ ಔಷಧಿ ಕೊಡುವುದಿಲ್ಲ, ಮಗುವನ್ನು ಊರಿಗೆ ಕಳಿಸಿ ಎನ್ನುತ್ತಾರೆ. ‘ದಿ ರೈಲ್ವೇ ಚಿಲ್ಡ್ರನ್’ ಕೂಡ ಒಳ್ಳೆಯದು. ಅಪ್ಪ ಸತ್ತಿಲ್ಲ, ಸುಳ್ಳು ಆರೋಪದ ಮೇಲೆ ಜೈಲಿನಲ್ಲಿದ್ದಾನೆ, ಮಕ್ಕಳಿಗೆ ಯಾರೂ ಹೇಳಿಲ್ಲ.

ಹೈಡಿಗಾದರೂ ಬೆಟ್ಟ ಮತ್ತೆ ಸಿಗುತ್ತದೆ. ಒಡೆದ ಚಾಳು ಸಿಗುವುದಿಲ್ಲ. ಹಾಗಾಗಿ ‘ತೊತ್ತೋಚಾನ್’ನ ಕೊನೆಯನ್ನೂ ಓದಿ. ಹಳೆಯ ರೈಲು ಡಬ್ಬಿಗಳಲ್ಲಿ ನಡೆಯುತ್ತಿದ್ದ ಅವಳ ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗುತ್ತದೆ. ರಸ್ತೆಯಲ್ಲಿ ನಿಂತು ಉರಿಯನ್ನು ನೋಡುತ್ತಾ ಹೆಡ್‌ಮಾಸ್ಟರ್ ಕೊಬಾಯಾಶಿ ಮಗನನ್ನು ಕೇಳುತ್ತಾರೆ, ಮುಂದೆ ಎಂಥ ಶಾಲೆ ಕಟ್ಟೋಣ?

ಜೊತೆಗೆ ನಿಮ್ಮ ಮನೆಯ ಹಿರಿಯರನ್ನು ಕೇಳಿ. ಹತ್ತು ಹನ್ನೆರಡು ವಯಸ್ಸಿಗೇ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಮಾಣಿಯಾಗಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತವರು ಮುಂಬೈಯ ಬಹಳಷ್ಟು ಕನ್ನಡ ಕುಟುಂಬಗಳಲ್ಲಿ ಇದ್ದಾರೆ. ಅವರು ಮೊದಲ ರಾತ್ರಿ ಎಲ್ಲಿ ಮಲಗಿದರು ಎಂದು ನಿಮ್ಮ ಮಗ ಕೇಳಲಿ.

## ಇನ್ನೂ ಸ್ವಲ್ಪ ಆಳದ ಪ್ರಶ್ನೆಗಳು

ಇವೆಲ್ಲ ಬಿಳಿಯರ ಕಥೆ. ಇಂಡಿಯಾ ಅಂದ್ರೆ ಬಿಸಿಲು, ಕಾಲರಾ, ಕೆಲಸದವರು. ನಮ್ಮ ಮಕ್ಕಳು ಇದನ್ನ ಯಾಕೆ ಓದಬೇಕು?

ಪುಣೆಯಿಂದ ಒಬ್ಬ ತಂದೆ ಕೇಳಿದ್ದು, ಪ್ರಶ್ನೆ ನ್ಯಾಯವಾದದ್ದು. 1911ರ ‘ಸೀಕ್ರೆ‌ಟ್ ಗಾರ್ಡನ್’ನಲ್ಲಿ ಮೇರಿ ತನ್ನ ಆಯಾಳನ್ನು ಹೊಡೆಯುತ್ತಾಳೆ, ಬಯ್ಯುತ್ತಾಳೆ. ಕಾಲರಾಕ್ಕೆ ಆ ಮನೆಯಲ್ಲಿ ಮೊದಲು ಬಲಿಯಾಗುವವಳು ಆಯಾಳೇ. ಅವಳಿಗೆ ಹೆಸರಿಲ್ಲ, ಅವಳಿಗಾಗಿ ಅಳುವವರೂ ಪುಸ್ತಕದಲ್ಲಿ ಯಾರೂ ಇಲ್ಲ. ನಾನು ಇದನ್ನು ದಾಟಿಸಿ ಓದಿಸುವುದಿಲ್ಲ. ಅಲ್ಲೇ ನಿಲ್ಲಿಸಿ, ಆಯಾಗೆ ಮಕ್ಕಳಿದ್ದರಾ, ಅವರಿಗೆ ಸುದ್ದಿ ಯಾರು ಹೇಳಿದರು ಎಂದು ಕೇಳುತ್ತೇನೆ. ಒಮ್ಮೆ ಒಬ್ಬ ಹುಡುಗಿ ಆಯಾಳ ಮಗಳ ಕಡೆಯಿಂದ ಅದೇ ಕಥೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದಳು.

ಜೊತೆಗೆ ನಮ್ಮ ನೆಲದ ಪುಸ್ತಕವೂ ಬೇಕು. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ 1929ರಲ್ಲಿ ಪುಸ್ತಕವಾಯಿತು. ಅದರ ಮಕ್ಕಳ ಆವೃತ್ತಿಗೆ 1940ರ ದಶಕದಲ್ಲಿ ಚಿತ್ರ ಬರೆದವರು ಸತ್ಯಜಿತ್ ರಾಯ್. ಅಕ್ಕ ದುರ್ಗಾ ಜ್ವರದಲ್ಲಿ ಮಲಗಿ, ನನಗೊಂದು ದಿನ ರೈಲು ತೋರಿಸ್ತೀಯಾ ಎಂದು ತಮ್ಮ ಅಪುವನ್ನು ಕೇಳುತ್ತಾಳೆ. ತೋರಿಸಲು ಆಗುವುದಿಲ್ಲ. ಮುಂದೆ ಊರು ಬಿಡುವಾಗ ಅಪುವಿಗೆ ಚಿನ್ನದ ಕುಂಕುಮದ ಭರಣಿ ಸಿಗುತ್ತದೆ. ಹಿಂದೆ ಅಕ್ಕ ಕದ್ದಳೆಂದು ಹೊಡೆತ ತಿಂದದ್ದು ಅದಕ್ಕೇ. ಅವನು ಯಾರಿಗೂ ಹೇಳದೆ ಅದನ್ನು ಬಿದಿರು ಮೆಳೆಗೆ ಎಸೆಯುತ್ತಾನೆ. ಸಿನಿಮಾದಲ್ಲಿ ಅದು ಸರ, ಎಸೆಯುವುದು ಕೆರೆಗೆ. ಸತ್ತ ಅಕ್ಕನ ಮಾನ ಕಾಪಾಡುವ ಕೆಲಸ ಒಬ್ಬ ಪುಟ್ಟ ಹುಡುಗನ ಪಾಲಿಗೆ ಬಂದಿದೆ, ಅವನು ಅದನ್ನು ಮಾಡುತ್ತಾನೆ.

ಕಷ್ಟ ಸಹಿಸಿಕೊಂಡ ಒಳ್ಳೆ ಹುಡುಗಿಗೆ ಕೊನೆಗೆ ಆಸ್ತಿ ಸಿಗುತ್ತೆ. ‘ಲಿಟಲ್ ಪ್ರಿನ್ಸೆಸ್’ ಹೀಗೇ ಅಲ್ವಾ? ಇದು ಮಕ್ಕಳಿಗೆ ಸುಳ್ಳು ಆಸೆ ತೋರಿಸಿದ ಹಾಗಲ್ಲವಾ?

ಆ ಮುಕ್ತಾಯದ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ. ಅಪ್ಪನ ಗೆಳೆಯ ಪಕ್ಕದ ಮನೆಯಲ್ಲೇ ಇರುವುದು, ವಜ್ರದ ಗಣಿಯ ಹಣ ವಾಪಸ್ ಬರುವುದು, ಇದೆಲ್ಲ ಕಥೆಗಾರ್ತಿಯ ಕರುಣೆ. ಆದರೆ ಸಾರಾ ಗಟ್ಟಿಯಾದದ್ದು ಹಣ ಬಂದ ಮೇಲಲ್ಲ. ಅಟ್ಟದಲ್ಲಿ ಹಸಿದಿದ್ದ ದಿನ ಬೀದಿಯಲ್ಲಿ ನಾಲ್ಕು ಪೆನ್ನಿಯ ನಾಣ್ಯ ಸಿಗುತ್ತದೆ. ಅಂಗಡಿಯಾಕೆ ನಾಲ್ಕರ ಬದಲು ಆರು ಬನ್ ಕೊಡುತ್ತಾಳೆ. ಹೊರಗೆ ಕೂತ ಭಿಕ್ಷುಕ ಹುಡುಗಿಗೆ ಸಾರಾ ಒಂದೊಂದಾಗಿ ಐದು ಕೊಡುತ್ತಾಳೆ. ನಾಲ್ಕನೆಯದು ಕೊಡುವಾಗ ಕೈ ನಡುಗುತ್ತದೆ. ಇದನ್ನು ನೋಡಿದ ಅಂಗಡಿಯಾಕೆ ಆ ಹುಡುಗಿಯನ್ನು ಒಳಗೆ ಕರೆದು ಸಾಕಿಕೊಳ್ಳುತ್ತಾಳೆ. ಯಾವ ವಜ್ರವೂ ಇಲ್ಲದೆ ಬದಲಾದ ಜೀವ ಅದು.

ಹಣದ ಪವಾಡ ಇಲ್ಲದ ಮುಕ್ತಾಯ ಬೇಕೆಂದರೆ ‘ಆನ್’ ಓದಿಸಿ. ಕಾಲೇಜಿನ ವಿದ್ಯಾರ್ಥಿವೇತನ ಬಿಟ್ಟು, ಕಣ್ಣು ಮಂಜಾಗುತ್ತಿರುವ ಮರಿಲ್ಲಾ ಜೊತೆ ಊರಲ್ಲೇ ಉಳಿದು ಶಾಲೆಯಲ್ಲಿ ಪಾಠ ಹೇಳಲು ಅವಳು ತೀರ್ಮಾನಿಸುತ್ತಾಳೆ. ಹುಡುಗಿಯರೇ ತ್ಯಾಗ ಮಾಡಬೇಕಾ ಎಂದು ನಮ್ಮ ಗುಂಪಿನ ಹುಡುಗಿಯರು ಪ್ರತಿ ಸಲ ಜಗಳ ತೆಗೆಯುತ್ತಾರೆ. ತೆಗೆಯಲಿ, ಒಳ್ಳೆಯ ಜಗಳ.

ಒಂದು ಪಾತ್ರ ಚೇತರಿಸಿಕೊಂಡಿತು ಅಂತ ಹೇಳೋದು ಹೇಗೆ? ಮತ್ತೆ ನಗೋಕೆ ಶುರು ಮಾಡಿದಾಗಲಾ?

ನಗು ಮಾತ್ರ ಸಾಲದು. ಕಳೆದುಕೊಂಡದ್ದನ್ನು ಮರೆಯದೆ ಇನ್ನೊಂದು ಜೀವಕ್ಕೆ ಜಾಗ ಮಾಡಿಕೊಟ್ಟಾಗ ಎಂದು ನಾನು ಹೇಳುತ್ತೇನೆ. ಇದಕ್ಕೆ ಅತ್ಯಂತ ಕಠಿಣ ಉದಾಹರಣೆ 1960ರ ‘ಐಲ್ಯಾಂಡ್ ಆಫ್ ದಿ ಬ್ಲೂ ಡಾಲ್ಫಿನ್ಸ್’. ಸ್ಕಾಟ್ ಓ’ಡೆಲ್ ಬರೆದದ್ದು. ದ್ವೀಪದಲ್ಲಿ ತಮ್ಮನ ಜೊತೆ ಉಳಿದುಬಿಟ್ಟ ಕರಾನಾ, ಆ ತಮ್ಮನನ್ನೂ ಕಾಡುನಾಯಿಗಳು ಕೊಂದಾಗ ಒಂಟಿಯಾಗುತ್ತಾಳೆ. ಎಲ್ಲ ನಾಯಿಗಳನ್ನೂ ಕೊಲ್ಲುತ್ತೇನೆಂದು ಅವಳು ಆಯುಧ ಮಾಡಿಕೊಳ್ಳುತ್ತಾಳೆ. ಕೊನೆಗೆ ಗುಂಪಿನ ನಾಯಕ ಅವಳ ಬಾಣ ತಿಂದು ಬಿದ್ದಿರುವಾಗ ಕೊಲ್ಲಲು ಕೈ ಬರುವುದಿಲ್ಲ. ಮನೆಗೆ ಹೊತ್ತು ತಂದು, ಬಾಣದ ತುಂಡು ಕಿತ್ತು, ಗಾಯ ತೊಳೆಯುತ್ತಾಳೆ. ರೊಂಟು ಎಂದು ಹೆಸರಿಡುತ್ತಾಳೆ. ಯಾಕೆ ಕೊಲ್ಲಲಿಲ್ಲ ಎಂದು ಅವಳಿಗೂ ಗೊತ್ತಿಲ್ಲ, ಲೇಖಕರೂ ವಿವರಿಸುವುದಿಲ್ಲ.

ಈ ಕಥೆಗೆ ಮೂಲವಾದ ನಿಜವಾದ ಹೆಂಗಸು ಕ್ಯಾಲಿಫೋರ್ನಿಯಾದ ಸಾನ್ ನಿಕೋಲಸ್ ದ್ವೀಪದಲ್ಲಿ 1835ರಿಂದ 1853ರವರೆಗೆ ಒಂಟಿಯಾಗಿ ಬದುಕಿದ್ದರು. ದಡಕ್ಕೆ ಕರೆತಂದ ಮೇಲೆ ಏಳು ವಾರದಲ್ಲಿ ತೀರಿಕೊಂಡರು. ದೊಡ್ಡ ಮಕ್ಕಳಿಗೆ ಇದನ್ನೂ ಹೇಳುತ್ತೇನೆ.

ಮಗುವಿಗೆ ನಿಜವಾಗಿಯೂ ಆಘಾತ ಆಗಿದೆ. ಪುಸ್ತಕ ಔಷಧಿ ಆಗುತ್ತಾ?

ಆಗುವುದಿಲ್ಲ. ಪುಸ್ತಕ ಜೊತೆ ಕೊಡುತ್ತದೆ, ಮಾತಿಗೆ ದಾರಿ ಮಾಡುತ್ತದೆ, ಅಷ್ಟೇ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಶಾಲೆ ಬೇಡ ಅನ್ನುತ್ತದೆ, ತಾನೂ ಸತ್ತುಹೋಗಬೇಕು ಎಂಬ ಮಾತು ಬರುತ್ತದೆ ಎಂದಾದರೆ ಮಕ್ಕಳ ಡಾಕ್ಟರ್ ಅಥವಾ ಆಪ್ತ ಸಲಹೆಗಾರರ ಹತ್ತಿರ ಹೋಗಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಮಗಳು ಈಗ ಹನ್ನೊಂದನೇ ಕ್ಲಾಸು. ಇವೆಲ್ಲ ಓದಿ ಮುಗಿಸಿದಳು. ಕನ್ನಡದಲ್ಲಿ ಮುಂದೇನು?

ಎಸ್. ಎಲ್. ಭೈರಪ್ಪನವರ ‘ಗೃಹಭಂಗ’, 1970ರದು. ಮಕ್ಕಳಿಗೆಂದು ಬರೆದದ್ದಲ್ಲ, ಹದಿನಾರರ ಮೊದಲು ಬೇಡ. ಪ್ಲೇಗ್ ಬಂದಾಗ ನಂಜಮ್ಮ ಆಗಷ್ಟೇ ಮದುವೆಯಾದ ಮಗಳನ್ನೂ ಬೆಳೆದ ಮಗನನ್ನೂ ಒಟ್ಟೊಟ್ಟಿಗೆ ಕಳೆದುಕೊಳ್ಳುತ್ತಾಳೆ. ಕೈಲಾಗದ ಗಂಡನ ಬದಲು ಶಾನುಭೋಗಿಕೆಯ ಲೆಕ್ಕ ಬರೆದು ಮನೆ ನಡೆಸಿದವಳು ಅವಳು. ಉಳಿದ ಒಬ್ಬ ಮಗ ವಿಶ್ವನಿಗಾಗಿ ಮತ್ತೆ ಕಾಲ ಮೇಲೆ ನಿಲ್ಲಲು ನೋಡುತ್ತಾಳೆ. ಕೊನೆಗೆ ಅವಳನ್ನೂ ಪ್ಲೇಗ್ ಬಿಡುವುದಿಲ್ಲ. ನಿಮ್ಮ ಮಗಳಿಗೆ ಕನ್ನಡ ಓದುವುದು ನಿಧಾನವಾದರೆ ನೀವು ರಾತ್ರಿ ಸ್ವಲ್ಪ ಸ್ವಲ್ಪ ಓದಿ ಹೇಳಿ. ಪ್ಲೇಗಿನ ಅಧ್ಯಾಯಗಳಿಗೆ ಬಂದಾಗ ಮಾತ್ರ ಮಾರನೇ ದಿನ ರಜೆ ಇರುವ ರಾತ್ರಿ ನೋಡಿಕೊಳ್ಳಿ. ಅಲ್ಲಿ ನಡುವೆ ನಿಲ್ಲಿಸಲು ಆಗುವುದಿಲ್ಲ.